ಮೂರು ಡಿಬಿ ಕೆಳಗಿನ ಗೆರೆ

ನಮ್ಮ ವಿಷಯದಲ್ಲಿ ಕೆಲಸ ಮಾಡುವವರಿಗೆ ನನ್ನ ಮುಖ ಗೊತ್ತಿಲ್ಲ, ನನ್ನ ಗೆರೆ ಗೊತ್ತು. ಗ್ರಾಫಿನ ಎಡಗಡೆ ಮೇಲಿನಿಂದ ಹೊರಟು ಬಲಗಡೆ ಕೆಳಕ್ಕೆ ಇಳಿಯುವ ಗೆರೆ, ಅದರ ಉದ್ದಕ್ಕೂ ಸಣ್ಣ ಸಣ್ಣ ಚೌಕಗಳು. ಕಳಿಸಿದ ಸಂದೇಶದಲ್ಲಿ ಎಷ್ಟು ಪಾಲು ಕೆಟ್ಟು ತಲುಪಿತು ಎಂಬುದನ್ನು ಅದು ತೋರಿಸುತ್ತದೆ. ತಪ್ಪು ಕಡಿಮೆಯಾದಷ್ಟೂ ಗೆರೆ ಕೆಳಗೆ ಇಳಿಯುವುದರಿಂದ ನಮ್ಮಲ್ಲಿ ಕೆಳಗಿದ್ದವರೇ ದೊಡ್ಡವರು. ನನ್ನದು ಎಲ್ಲರಿಗಿಂತ ಕೆಳಗಿತ್ತು. ಚೀನಾದವರು, ಇರಾನಿನವರು, ನಮ್ಮ ಮದ್ರಾಸಿನವರು, ಯಾರೇ ಹೊಸ ಪೇಪರು ಬರೆದರೂ ತಮ್ಮ ಗೆರೆಯ ಪಕ್ಕದಲ್ಲಿ ನನ್ನದನ್ನೂ ಎಳೆದು ಹೋಲಿಸಿ ತೋರಿಸುತ್ತಿದ್ದರು.

ಆ ಗೆರೆ ತಪ್ಪು. ತಪ್ಪೆಂದು ನನಗೆ ಗೊತ್ತಾದ ದಿನಕ್ಕೂ ನಾನು ಅದನ್ನು ಒಪ್ಪಿಕೊಂಡ ದಿನಕ್ಕೂ ನಡುವೆ ನಾಲ್ಕು ವರ್ಷ ಕಳೆದವು. ಅಷ್ಟರಲ್ಲಿ ಒಬ್ಬ ಹುಡುಗಿಯ ಪಿಎಚ್‌ಡಿ ಮಣ್ಣುಪಾಲಾಯಿತು. ಇದನ್ನು ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದರು. ಹಾಗೇನೂ ಆಗುವುದಿಲ್ಲ, ಆಗಬಾರದು ಕೂಡ.

ನಾನು ಬೆಳೆದದ್ದು ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ಅಪ್ಪ ತುಮಕೂರು ಕಡೆಯಿಂದ ಬಂದು ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದರು. ಆಮೇಲೆ ಮಯೂರ್ ವಿಹಾರದ ಸೊಸೈಟಿ ಫ್ಲಾಟಿಗೆ ಬಂದೆವು. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಪಿಎಚ್‌ಡಿ ಮಾಡಿದ್ದು ಇಲ್ಲಿಯದೇ ಒಂದು ಸಂಸ್ಥೆಯಲ್ಲಿ. ಹೆಸರು ಬೇಡ, ಹೆಸರು ಹೇಳಿದರೆ ತಪ್ಪು ಅದರದ್ದಾಗಿಬಿಡುತ್ತದೆ.

ನಾನು ಮಾಡುತ್ತಿದ್ದ ಕೆಲಸವನ್ನು ಅಮ್ಮನಿಗೆ ಹೀಗೆ ಹೇಳುತ್ತಿದ್ದೆ: ಮೊಬೈಲ್ ಟವರು ಒಂದು ಕಡೆ, ಫೋನು ಇನ್ನೊಂದು ಕಡೆ, ನಡುವೆ ಅಡ್ಡಕ್ಕೆ ಕಟ್ಟಡ. ಟವರಿನ ಮಾತು ಫೋನಿಗೆ ಕೇಳಿಸುವುದಿಲ್ಲ. ಆಗ ನಡುವೆ ಒಂದು ರಿಲೇ ನಿಲ್ಲಿಸುತ್ತೇವೆ. ಅದು ಕೇಳಿಸಿಕೊಂಡದ್ದನ್ನು ದೊಡ್ಡದು ಮಾಡಿ ಮುಂದಕ್ಕೆ ಕಳಿಸುತ್ತದೆ. ಮೂರಕ್ಕೂ ನಾಲ್ಕು ನಾಲ್ಕು ಆಂಟೆನಾ. ಕಳಿಸುವವನು ಯಾವ ಆಂಟೆನಾದಿಂದ ಎಷ್ಟು ಬಲದಲ್ಲಿ ಕಳಿಸಬೇಕು, ರಿಲೇ ಅದನ್ನು ಹೇಗೆ ಬೆರೆಸಿ ದಾಟಿಸಬೇಕು, ಪಡೆಯುವವನು ಹೇಗೆ ಕೂಡಿಸಿಕೊಳ್ಳಬೇಕು, ಇವನ್ನು ಲೆಕ್ಕ ಹಾಕುವುದೇ ನನ್ನ ಕೆಲಸ. ಮೂರನ್ನೂ ಒಂದೇ ಏಟಿಗೆ ಬಿಡಿಸುವ ಸೂತ್ರ ಯಾರ ಹತ್ತಿರವೂ ಇಲ್ಲ. ಅದಕ್ಕೇ ಎರಡನ್ನು ಹಾಗೇ ಹಿಡಿದಿಟ್ಟು ಒಂದನ್ನು ತಿದ್ದುತ್ತೇವೆ, ಆಮೇಲೆ ಇನ್ನೊಂದನ್ನು, ಆಮೇಲೆ ಮತ್ತೊಂದನ್ನು. ಅಲುಗಾಡುವ ಮಂಚಕ್ಕೆ ಒಂದೊಂದೇ ಕಾಲಿನಡಿ ಕಾಗದ ಮಡಿಸಿ ತುರುಕುವ ಹಾಗೆ, ಇನ್ನು ಅಲುಗಾಡದು ಅನ್ನಿಸುವ ತನಕ ಸುತ್ತುತ್ತೇವೆ. ಅಮ್ಮ ಕೇಳಿಸಿಕೊಂಡು, "ಇದಕ್ಕೆ ಐದು ವರ್ಷ ಬೇಕೇನೇ?" ಅಂದಿದ್ದಳು.

ಐದು ವರ್ಷ ಆಗಿಯೇ ಹೋಗಿತ್ತು. ಕೊನೆಯ ಪೇಪರು ಮಾತ್ರ ಬಾಕಿ. ನಮ್ಮ ಗೈಡ್ ಪ್ರತಿ ಸೋಮವಾರ ಬಾಗಿಲಲ್ಲೇ ನಿಂತು "ಕರ್ವ್ ಲಾವೋ" ಅನ್ನುತ್ತಿದ್ದರು, ಹಾಲಿನವನಿಗೆ ಪ್ಯಾಕೆಟ್ಟು ತಾ ಅಂದಂತೆ. ನನ್ನ ಗೆರೆ ಹಳೆಯವರ ಗೆರೆಗಿಂತ ಕೂದಲೆಳೆಯಷ್ಟೂ ಕೆಳಗಿಳಿಯುತ್ತಿರಲಿಲ್ಲ. ಒಂದು ವಾರ ಕೋಡನ್ನೆಲ್ಲ ಕಿತ್ತುಹಾಕಿ ಹೊಸದಾಗಿ ಬರೆದೆ. ಮಂಗಳವಾರ ಮಧ್ಯಾಹ್ನ ನೋಡಿದರೆ ಗೆರೆ ಮೂರು ಡಿಬಿ ಕೆಳಗೆ ಬಂದು ಕೂತಿತ್ತು. ಡಿಬಿ ಅಂದರೆ ಡೆಸಿಬೆಲ್, ಮೂರು ಡಿಬಿ ಸಣ್ಣ ಮಾತಲ್ಲ. ಬೇರೆಯವರು ಕಳಿಸುವುದಕ್ಕೆ ಖರ್ಚು ಮಾಡುವ ಶಕ್ತಿಯ ಅರ್ಧದಲ್ಲೇ ನಾನು ಅದೇ ಕೆಲಸ ಮಾಡಿ ತೋರಿಸಿದ ಹಾಗೆ. ಅದರಲ್ಲೂ ರಿಲೇಗೆ ಸಿಗ್ನಲ್ ತೀರಾ ಕ್ಷೀಣವಾಗಿ ಕೇಳುವ ಜಾಗದಲ್ಲಿ. ಗೈಡ್ ಸಮೋಸಾ ತರಿಸಿದರು. ಹೇಗೆ ಬಂತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಪೇಪರನ್ನು ಪರಿಶೀಲಿಸಿದವರೂ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಎಲ್ಲ ಕಡೆಯೂ. ಆ ಪೇಪರಿನ ಬಲದ ಮೇಲೆ ನನಗೆ ಡಿಗ್ರಿ ಬಂತು, ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕೆಲಸವೂ ಸಿಕ್ಕಿತು.

ಕೆಲಸಕ್ಕೆ ಸೇರಿದ ಮೇಲೂ ಶನಿವಾರಗಳಲ್ಲಿ ಹಳೆಯ ಲ್ಯಾಬಿಗೆ ಹೋಗುತ್ತಿದ್ದೆ. ಅವಳು ಸಿಕ್ಕಿದ್ದು ಅಲ್ಲಿ. ಗೈಡ್‌ನ ಹೊಸ ವಿದ್ಯಾರ್ಥಿನಿ, ಕೊಡಗಿನವರ ಮಗಳು. ಕೊಡಗನ್ನು ಕಂಡದ್ದು ಮಾತ್ರ ಬೇಸಿಗೆ ರಜೆಯಲ್ಲಿ. ಅಪ್ಪ ಸೇನೆಯಲ್ಲಿದ್ದುದರಿಂದ ಅಂಬಾಲಾ, ಜಬಲ್ಪುರ, ಜೋಧಪುರ ಎಂದು ಕಂಟೋನ್ಮೆಂಟುಗಳಲ್ಲೇ ಬೆಳೆದವಳು. ಕನ್ನಡವನ್ನು ಪಕ್ಕದ ಮನೆಯಿಂದ ತಂದ ಪಾತ್ರೆಯ ಹಾಗೆ ಎಚ್ಚರದಿಂದ ಬಳಸುತ್ತಿದ್ದಳು, ನಡುನಡುವೆ ಹಿಂದಿಗೆ ಜಾರುತ್ತಿದ್ದಳು. ಮೊದಲ ದಿನವೇ ನನ್ನನ್ನು ಅಕ್ಕಾ ಅಂದಳು. ದೆಹಲಿಯಲ್ಲಿ ನನ್ನನ್ನು ಮೇಡಂ ಅನ್ನುವವರು ಬೇಕಾದಷ್ಟು ಜನ, ದೀದಿ ಅನ್ನುವವರೂ ಇದ್ದರು. ಅಕ್ಕ ಅಂದದ್ದು ಅವಳೊಬ್ಬಳೇ. ಆ ಮಾತಿಗೆ ಕರಗಿ, ಭಾನುವಾರ ಊಟಕ್ಕೆ ಬಾ ಅಂದೆ. ಆಮೇಲೆ ಹಾಸ್ಟೆಲಿನಿಂದ ಪ್ರತಿ ಭಾನುವಾರ ಬರತೊಡಗಿದಳು. ಅಮ್ಮ ಅವಳಿಗಾಗಿಯೇ ಬಸ್ಸಾರು ಮಾಡುತ್ತಿದ್ದಳು. ಹೋಗುವಾಗ ಸ್ಟೀಲ್ ಡಬ್ಬಿಯಲ್ಲಿ ಚಟ್ನಿಪುಡಿಯೋ ಕೋಡುಬಳೆಯೋ ತುಂಬಿ ಕೊಡುತ್ತಿದ್ದಳು.

ನಮ್ಮ ಲ್ಯಾಬುಗಳಲ್ಲಿ ಒಂದು ಪದ್ಧತಿಯಿದೆ. ಹೊಸಬರು ಬಂದ ಕೂಡಲೇ ಹೊಸ ಕೆಲಸ ಕೊಡುವುದಿಲ್ಲ. ಮೊದಲು ಹಿರಿಯರ ಪೇಪರೊಂದನ್ನು ಓದಿ, ಕೋಡು ತಾವೇ ಬರೆದು, ಅದರಲ್ಲಿರುವ ಗ್ರಾಫನ್ನು ಮತ್ತೆ ಹುಟ್ಟಿಸಬೇಕು. ಹಿರಿಯರ ಗೆರೆಯ ಮೇಲೆ ನಿಮ್ಮ ಗೆರೆ ಸರಿಯಾಗಿ ಕೂತ ದಿನ ನೀವು ಲ್ಯಾಬಿನವರಾದಿರಿ. ಅಲ್ಲಿಯ ತನಕ ಟೀ ಹಂಚುವ ಸರದಿ ನಿಮ್ಮದು. ಅವಳಿಗೆ ಗೈಡ್ ಕೊಟ್ಟದ್ದು ನನ್ನ ಪೇಪರು.

ಅವಳ ಗೆರೆ ಕೂರಲಿಲ್ಲ. ಎರಡು ತಿಂಗಳಾದರೂ, ನಾಲ್ಕಾದರೂ ಮೂರು ಡಿಬಿ ಮೇಲೆಯೇ ನಿಂತಿತ್ತು.

"ಅಕ್ಕಾ, ಎಲ್ಲಾ ಈಕ್ವೇಷನ್ನೂ ಎರಡೆರಡು ಸಲ ಚೆಕ್ ಮಾಡಿದೆ," ಅಂದಳು ಒಂದು ಶನಿವಾರ. "ಪತಾ ನಹೀಂ, ಎಲ್ಲೋ ನಾನೇ ಗಲ್ತಿ ಮಾಡ್ತಿದೀನಿ. ನಿಮ್ಮ ಕೋಡ್ ಒಂದ್ಸಲ ನೋಡಬಹುದಾ?"

ಹಿರಿಯರ ಕೋಡು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಕಲು ಮಾಡಿದರೆ ಕಲಿಯುವುದಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ. ತನ್ನ ಅಡುಗೆಮನೆಯ ಕೊಳೆಯನ್ನು ಯಾರೂ ಪರರಿಗೆ ತೋರಿಸುವುದಿಲ್ಲ ಎಂಬುದು ನಿಜವಾದ ಕಾರಣ. "ಹಳೇ ಲ್ಯಾಪ್‌ಟಾಪಲ್ಲಿತ್ತು ಕಣೇ, ಅದು ಕೆಟ್ಟುಹೋಯ್ತು," ಅಂದೆ. ಲ್ಯಾಪ್‌ಟಾಪ್ ಕೆಟ್ಟದ್ದು ನಿಜ. ಕೋಡು ಮಾತ್ರ ಒಂದು ಡಿಸ್ಕಿನಲ್ಲಿ, ನಮ್ಮ ಬೀರುವಿನಲ್ಲಿ, ಅಮ್ಮನ ಸೀರೆಗಳ ಕೆಳಗೆ ಭದ್ರವಾಗಿತ್ತು. ಆಗ ನನಗೆ ತಪ್ಪಿನ ಸುಳಿವು ಇರಲಿಲ್ಲ, ಬರೀ ಜಂಬ ಇತ್ತು. ನಾನು ತಲುಪಿದ ಜಾಗಕ್ಕೆ ಇವಳಿಗೆ ತಲುಪಲಾಗುತ್ತಿಲ್ಲ ಎಂಬುದರಲ್ಲಿ ಒಂದು ಸಣ್ಣ ಸುಖವೂ ಇತ್ತು. ಇದನ್ನೂ ಹೇಳಿಬಿಡುತ್ತೇನೆ, ಬಚ್ಚಿಡುವುದಾದರೆ ಬರೆಯುವುದೇಕೆ?

ಆ ವರ್ಷದ ಕೊನೆಗೆ ಅವಳ ಅಪ್ಪ ಪಿಂಚಣಿಯ ಯಾವುದೋ ಕಾಗದಪತ್ರಕ್ಕೆಂದು ದೆಹಲಿಗೆ ಬಂದರು. ಸುಬೇದಾರರಾಗಿ ನಿವೃತ್ತರಾದವರು, ಇಸ್ತ್ರಿ ಮುರಿಯದ ಅಂಗಿ, ತೆಳ್ಳಗೆ ಕತ್ತರಿಸಿದ ಮೀಸೆ. ಮಗಳ ಜೊತೆ ನಮ್ಮ ಮನೆಗೆ ಊಟಕ್ಕೆ ಬಂದಾಗ ಅಮ್ಮನಿಗೆಂದು ಒಂದು ಬಾಟಲಿ ಕಾಚಂಪುಳಿ ತಂದಿದ್ದರು. ಅದು ಕಪ್ಪಗೆ ಪಾಕದಂತಿರುವ ಕೊಡಗಿನ ಹುಳಿ. "ನಾವು ಮಾಂಸಕ್ಕೆ ಹಾಕ್ತೇವಮ್ಮ, ನೀವು ಸಾರಿಗೆ ಹಾಕಿ, ಒಂದು ಹನಿ ಸಾಕು," ಅಂದರು. ಸೇನೆಯಲ್ಲಿ ಏನು ಕೆಲಸ ಮಾಡುತ್ತಿದ್ದಿರಿ ಎಂದು ಅಮ್ಮ ಕೇಳಿದಳು.

"ರೇಡಿಯೊ ಆಪರೇಟರು ನಾನು," ಅಂದು ನನ್ನ ಕಡೆ ತಿರುಗಿ ನಕ್ಕರು. "ನಾನೂ ರಿಲೇನೇ ಮಾಡ್ತಿದ್ದೆ ಮೇಡಂ. ನಿಮ್ಮದು ದೊಡ್ಡ ಲೆಕ್ಕ. ನಮ್ಮದು ಗುಡ್ಡದ ಮೇಲೆ ಎರಡು ಸೆಟ್ಟು, ಒಂದು ಬ್ಯಾಟರಿ. ಈಚೆ ಕಣಿವೆಯವರು ಮಾತಾಡಿದ್ದು ಆಚೆ ಕಣಿವೆಗೆ ದಾಟಿಸಬೇಕು."

"ಕಷ್ಟ ಇತ್ತಾ?" ಅಂದಳು ಅಮ್ಮ.

"ಚಳಿ ಕಷ್ಟ. ಆಮೇಲೆ ಬ್ಯಾಟರಿ. ಸೆಟ್ಟಲ್ಲಿ ಗದ್ದಲ ತಡೆಯೋಕೆ ಒಂದು ತಿರುಪು ಇರ್ತದೆ. ಅದನ್ನ ಒಂಚೂರು ಸಡಿಲ ಬಿಟ್ರೆ ಮುಗೀತು. ಈ ಕಡೆ ಯಾರೂ ಮಾತಾಡ್ತಿಲ್ಲ, ಆ ಕಡೆ ಯಾರೂ ಕೇಳ್ತಿಲ್ಲ, ಆದ್ರೂ ಸೆಟ್ಟು ಗೊರಗೊರ ಅನ್ನೋದನ್ನೇ ಹಿಡಿದು ದೊಡ್ಡದು ಮಾಡಿ ಕಳಿಸ್ತಾ ಇರ್ತದೆ. ಬೆಳಗ್ಗೆ ಎದ್ದು ನೋಡಿದ್ರೆ ಬ್ಯಾಟರಿ ಖಾಲಿ. ಗದ್ದಲಕ್ಕೂ ಬ್ಯಾಟರಿ ಬೇಕು ಮೇಡಂ, ಅದೇನು ಪುಕ್ಕಟೆ ಹೋಗೋದಿಲ್ಲ."

"ಪಪ್ಪಾ, ಅಕ್ಕನಿಗೆ ಅದು ಗೊತ್ತಿಲ್ವಾ?" ಎಂದು ಅವಳು ನಕ್ಕಳು.

ನಾನು ಮಜ್ಜಿಗೆಯ ಪಾತ್ರೆಗೆ ಕೈ ಹಾಕಿದೆ. ರಿಲೇಗೆ ಇಂತಿಷ್ಟೇ ಶಕ್ತಿ ಎಂದು ಕಟ್ಟು ಹಾಕಿರುತ್ತೇವೆ. ಅದು ಕೇಳಿಸಿಕೊಳ್ಳುವುದು ಸಿಗ್ನಲ್ಲನ್ನು ಮಾತ್ರವಲ್ಲ, ಅದರ ಜೊತೆ ಗದ್ದಲವನ್ನೂ. ದೊಡ್ಡದು ಮಾಡುವಾಗ ಎರಡೂ ದೊಡ್ಡದಾಗುತ್ತವೆ, ಎರಡಕ್ಕೂ ಅದೇ ಶಕ್ತಿಯಿಂದ ಪಾಲು ಹೋಗಬೇಕು. ಸಿಗ್ನಲ್ ಕ್ಷೀಣವಾಗಿರುವಲ್ಲಿ ಗದ್ದಲದ ಪಾಲು ಸಿಗ್ನಲ್ಲಿನಷ್ಟೇ ಇರುತ್ತದೆ, ಅಂದರೆ ಅರ್ಧಕ್ಕರ್ಧ. ಅದೇ ಮೂರು ಡಿಬಿ. ಮಜ್ಜಿಗೆ ಬಡಿಸಿಕೊಂಡು ಕೂತಲ್ಲೇ ನನಗೆ ಎಲ್ಲ ಗೊತ್ತಾಗಿಹೋಗಿತ್ತು. ಆದರೂ ಕಣ್ಣಾರೆ ನೋಡದೆ ಒಪ್ಪಲು ಮನಸ್ಸಿರಲಿಲ್ಲ.

ಅವರು ಹೊರಟ ಮೇಲೆ ಸೀರೆಗಳ ಕೆಳಗಿನಿಂದ ಡಿಸ್ಕು ತೆಗೆದೆ. ರಿಲೇಯ ಶಕ್ತಿಯನ್ನು ಅಳೆಯುವ ಸಾಲಿನಲ್ಲಿ ಸಿಗ್ನಲ್ ಒಂದೇ ಇತ್ತು. ಕೋಡು ಕಿತ್ತು ಮತ್ತೆ ಬರೆದ ಆ ವಾರ ಗದ್ದಲದ ಪದವನ್ನು ಬರೆಯಲು ಮರೆತಿದ್ದೆ. ಈಗ ಸೇರಿಸಿದೆ, ಐದು ಅಕ್ಷರವೂ ಇರಲಿಲ್ಲ. ಸಂಜೆ ಅಮ್ಮ ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಮುಗಿಯಿತು. ಗೆರೆ ಮೇಲೆದ್ದಿತ್ತು. ಅವಳು ಫೋನಿಗೆ ಕಳಿಸಿದ್ದ ಗ್ರಾಫನ್ನು ಪಕ್ಕದಲ್ಲಿ ಹಿಡಿದು ನೋಡಿದೆ. ಅವಳ ಒಂದೊಂದು ಬಿಂದುವೂ ನನ್ನ ಹೊಸ ಗೆರೆಯ ಮೇಲೆ ಕೂತಿತ್ತು. ಒಂದು ವರ್ಷದಿಂದ ಅವಳು ತನ್ನದೇ ತಪ್ಪೆಂದು ಹುಡುಕುತ್ತಿದ್ದದ್ದು ಸರಿಯಾದ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ.

ನಾಚಿಕೆ ಆಮೇಲೆ ಬಂತು, ಮೊದಲು ಬಂದದ್ದು ಭಯ. ನೋಯ್ಡಾದಲ್ಲಿ ಇನ್ನು ಕೆಲವು ವರ್ಷಕ್ಕೆ ಬಡ್ತಿಗೆ ಅರ್ಜಿ ಹಾಕಬೇಕಿತ್ತು. ಅರ್ಜಿಯ ಮೊದಲ ಸಾಲಿನಲ್ಲೇ ಆ ಪೇಪರು ಇರಬೇಕಿತ್ತು. ತಪ್ಪೆಂದು ಒಪ್ಪಿಕೊಂಡರೆ ಡಿಗ್ರಿಯನ್ನೇ ಕಿತ್ತುಕೊಳ್ಳುತ್ತಾರೆ, ಕೆಲಸ ಹೋಗುತ್ತದೆ, ಸಮ್ಮೇಳನಗಳಲ್ಲಿ ಬೆರಳು ತೋರಿಸಿ ನಗುತ್ತಾರೆ ಎಂದು ನನ್ನಷ್ಟಕ್ಕೆ ಸಿನಿಮಾ ಕಟ್ಟಿಕೊಂಡೆ.

ಗೈಡ್‌ಗೆ ಹೇಳಿದೆ, ಅದು ನಿಜ. ಅದಾದ ಮಂಗಳವಾರವೇ ಅರ್ಧ ದಿನ ರಜೆ ಹಾಕಿ ಹೋಗಿ ಎರಡೂ ಗ್ರಾಫು ಮುಂದಿಟ್ಟೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನಾನು ಅಂದುಕೊಂಡದ್ದಕ್ಕಿಂತ ಬೇಗ ಅರ್ಥಮಾಡಿಕೊಂಡರು. ಮೊದಲೇ ಗೊತ್ತಿತ್ತೋ ಏನೋ, ದೇವರೇ ಬಲ್ಲ.

"ಕೌನ್ ಪೂಛ್ ರಹಾ ಹೈ?" ಅಂದರು. ಯಾರು ಕೇಳುತ್ತಿದ್ದಾರೆ ಎಂದು. ಯಾವುದು ಸರಿ ಎಂದು ಕೇಳಲಿಲ್ಲ.

ಈ ಹುಡುಗಿ ಎಂದೆ.

ಸ್ಟಾರ್ಟಿಂಗ್ ಪಾಯಿಂಟ್ ಸರಿಯಿಲ್ಲ ಅಂತ ಹೇಳಿಬಿಡು ಎಂದು ಹಿಂದಿಯಲ್ಲಿ ಅಂದು, ಮೇಜಿನ ಮೇಲಿನ ಬೇರೆ ಫೈಲನ್ನು ಎಳೆದುಕೊಂಡರು.

ಈ ಸುಳ್ಳಿನ ಅಂದ ನಮ್ಮ ಕಸುಬಿನವರಿಗೆ ಮಾತ್ರ ಗೊತ್ತು. ಒಂದೊಂದೇ ತಿದ್ದುತ್ತಾ ಸುತ್ತುವ ನಮ್ಮ ವಿಧಾನ ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂಬುದು ನೀವು ಎಲ್ಲಿಂದ ಹೊರಡುತ್ತೀರಿ ಎಂಬುದನ್ನು ಅವಲಂಬಿಸಿದೆ. ಕೆಟ್ಟ ಕಡೆಯಿಂದ ಹೊರಟರೆ ಇದ್ದುದರಲ್ಲಿ ಚೆನ್ನಾಗಿರುವ ಕಡೆ ಸಿಕ್ಕಿಹಾಕಿಕೊಂಡು, ನಿಜವಾದ ಒಳ್ಳೆಯ ಜಾಗಕ್ಕೆ ತಲುಪದೇ ಹೋಗಬಹುದು. ಹೊರಡುವ ಜಾಗಗಳಿಗೆ ಕೊನೆಯಿಲ್ಲ. ಎಷ್ಟು ಪ್ರಯತ್ನಿಸಿದರೂ, ಇನ್ನೊಂದು ಪ್ರಯತ್ನಿಸಿಲ್ಲವಲ್ಲ ಎಂದು ಹೇಳಬಹುದು. ಹೇಳಿದವರನ್ನು ಯಾರೂ ಸುಳ್ಳು ಎಂದು ಹಿಡಿಯಲಾರರು.

ಅವಳಿಗೆ ಹೇಳಿದ್ದು ಕ್ಯಾಂಟೀನಿನಲ್ಲಿ. "ನಿನ್ನ ಸ್ಟಾರ್ಟಿಂಗ್ ಪಾಯಿಂಟ್ ಸರಿಯಿಲ್ಲ ಅನ್ಸುತ್ತೆ. ಬೇರೆ ಬೇರೆ ಕಡೆಯಿಂದ ಶುರು ಮಾಡಿ ನೋಡು."

"ಅಚ್ಛಾ?" ಅವಳ ಮುಖ ಅರಳಿತು. "ನಾನು ಹತ್ತು ಮಾತ್ರ ಟ್ರೈ ಮಾಡಿದ್ದೆ ಅಕ್ಕಾ. ನೀವು ಎಷ್ಟು ಮಾಡಿದ್ರಿ?"

"ನೆನಪಿಲ್ಲ. ತುಂಬಾನೇ ಮಾಡಿದ್ದೆ."

ಅವಳು ಥ್ಯಾಂಕ್ಸ್ ಹೇಳಿ ನನ್ನ ಟೀಯ ದುಡ್ಡನ್ನೂ ತಾನೇ ಕೊಟ್ಟಳು.

ಅಲ್ಲಿಂದ ಒಂದೂವರೆ ವರ್ಷ ಅವಳು ಹೊರಡುವ ಜಾಗ ಹುಡುಕಿದಳು. ಉದ್ದನೆಯ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಪ್ರತಿಯೊಂದನ್ನೂ ಬರೆದಿಡುತ್ತಿದ್ದಳು: ಎಲ್ಲಿಂದ ಹೊರಟೆ, ಎಷ್ಟು ಸುತ್ತು, ಎಲ್ಲಿ ನಿಂತಿತು. ಲ್ಯಾಬಿನ ಕಂಪ್ಯೂಟರು ಸಾಲದೆ ಗೆಳತಿಯರ ಲ್ಯಾಪ್‌ಟಾಪ್ ಬೇಡಿ ತಂದಳು. ಭಾನುವಾರ ಊಟಕ್ಕೆ ಕೂತಾಗ ಆ ರಿಜಿಸ್ಟರು ಅವಳ ಚೀಲದಲ್ಲೇ ಇರುತ್ತಿತ್ತು. "ಈ ವಾರ ಸ್ವಲ್ಪ ಇಳೀತು ಅಕ್ಕಾ," ಅನ್ನುತ್ತಿದ್ದಳು. ಇಳಿದದ್ದು ದಶಮಾಂಶದ ಮೂರನೆಯ ಸ್ಥಾನದಲ್ಲಿ, ಅಳತೆಯ ಆಟ ಅಷ್ಟೇ. ನಾನು "ಗುಡ್" ಅನ್ನುತ್ತಿದ್ದೆ. ಅವಳ ಕೂದಲು ಉದುರಿ ಬೈತಲೆ ಅಗಲವಾಯಿತು. ತಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇನೋ ಎಂದು ಮೊದಲು ತಮಾಷೆಗೆ ಹೇಳುತ್ತಿದ್ದವಳು, ಆಮೇಲೆ ತಮಾಷೆ ಬಿಟ್ಟು ಹೇಳತೊಡಗಿದಳು.

ಅಮ್ಮ ಒಂದು ದಿನ ಪಾತ್ರೆ ತೊಳೆಯುತ್ತಾ, "ಆ ಮಗೂಗೆ ನಿನಗೆ ಗೊತ್ತಿರೋದನ್ನ ಹೇಳಿಕೊಡಬಾರದೇನೇ?" ಅಂದಳು.

"ತಾನೇ ಕಂಡುಹಿಡೀಬೇಕಮ್ಮ, ಅದೇ ರಿಸರ್ಚು," ಅಂದೆ. ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ಈಗಲೂ ಹೇಸಿಗೆಯಾಗುತ್ತದೆ.

ಅವಳು ಕಂಡುಹಿಡಿದಳು ಕೂಡ. ಅದು ನನಗೆ ತಿಳಿದದ್ದು ಅವಳಿಂದಲ್ಲ. ಅವಳ ಫೆಲೋಶಿಪ್ಪಿನ ಕೊನೆಯ ವರ್ಷ. ಒಂದು ಪೇಪರಾದರೂ ಒಪ್ಪಿತವಾಗದೆ ಥೀಸಿಸ್ ಸಲ್ಲಿಸುವ ಹಾಗಿಲ್ಲ ಎಂಬುದು ಅಲ್ಲಿನ ನಿಯಮ. ಆ ವರ್ಷ ಒಂದು ಪತ್ರಿಕೆಯಿಂದ ನನಗೆ ಪೇಪರೊಂದನ್ನು ಪರಿಶೀಲಿಸಿ ಕೊಡಿ ಎಂಬ ಮೇಲ್ ಬಂತು. ಬರೆದವರ ಹೆಸರು ಪರಿಶೀಲಿಸುವವರಿಗೆ ಕಾಣುತ್ತದೆ, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ಗೊತ್ತಾಗುವುದಿಲ್ಲ. ಒಂದು ಗೆರೆಯ ಬಗ್ಗೆ ಪೇಪರು ಬಂದರೆ ಆ ಗೆರೆ ಎಳೆದವರಿಗೇ ಕಳಿಸುವುದು ಸಂಪಾದಕರ ವಾಡಿಕೆ. ಪೇಪರು ಅವಳದು, ಜೊತೆಗೆ ಗೈಡ್‌ದೂ ಹೆಸರು. ಗೈಡ್ ಮೊದಲ ಪುಟ ದಾಟಿ ಓದಿರಲಿಲ್ಲ ಎಂಬುದು ಸ್ಪಷ್ಟವಿತ್ತು. ಯಾಕೆಂದರೆ ಏಳನೆಯ ಪುಟದಲ್ಲಿ, ನನ್ನ ಗೆರೆಯನ್ನೂ ಮೂರು ಡಿಬಿ ಮೇಲಿರುವ ತನ್ನದನ್ನೂ ಎಳೆದು, ಅವಳು ಒಂದು ವಾಕ್ಯ ಬರೆದಿದ್ದಳು: ಈ ವ್ಯತ್ಯಾಸಕ್ಕೆ, ಹಿಂದಿನ ಕೆಲಸದಲ್ಲಿ ರಿಲೇ ಪಡೆದ ಗದ್ದಲವನ್ನು ಅದರ ಶಕ್ತಿಯ ಲೆಕ್ಕಕ್ಕೆ ಸೇರಿಸದಿರುವುದು ಕಾರಣವಿರಬಹುದು.

ಇರಬಹುದು ಎಂದು ಬರೆದಿದ್ದಳು. ಅಷ್ಟು ಸೌಜನ್ಯ.

ನನಗೂ ಇದಕ್ಕೂ ಸಂಬಂಧವಿದೆ, ಬೇರೆಯವರಿಗೆ ಕಳಿಸಿ ಎಂದು ಒಂದು ಸಾಲು ಬರೆದು ಹಿಂದೆ ಸರಿಯುವುದು ನಿಯಮ. ಸರಿದರೆ ಅದು ಬೇರೆ ಯಾರ ಕೈಗೋ ಹೋಗಿ, ಅವರು ಏಳನೆಯ ಪುಟ ಓದಿಬಿಡಬಹುದಿತ್ತು. ಸರಿಯಲಿಲ್ಲ. ಮೂರು ವಾರ ಇಟ್ಟುಕೊಂಡು, ಒಂದು ಮಧ್ಯಾಹ್ನ ನೋಯ್ಡಾದ ನನ್ನ ಕೋಣೆಯಲ್ಲಿ, ಎರಡು ಕ್ಲಾಸುಗಳ ನಡುವೆ ಬರೆದೆ. ಫಲಿತಾಂಶ ಈಗಾಗಲೇ ಪ್ರಕಟವಾದದ್ದಕ್ಕಿಂತ ಕಳಪೆ, ಆರಂಭದ ಬಿಂದುಗಳ ಆಯ್ಕೆ ಸಮರ್ಪಕವಾಗಿಲ್ಲ, ಪ್ರಕಟಣೆಗೆ ಶಿಫಾರಸು ಮಾಡುವುದಿಲ್ಲ. ಬರೆದು ಕ್ಲಾಸಿಗೆ ಹೋಗಿ ಪಾಠ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಇನ್ನೊಬ್ಬ ಪರಿಶೀಲಕರೂ ಅದೇ ಕಳಪೆ ಎಂಬ ಮಾತನ್ನು ಬರೆದಿದ್ದರಂತೆ. ಸ್ವಲ್ಪ ದಿನ ಅದನ್ನೇ ಸಮಾಧಾನವೆಂದು ಹಿಡಿದುಕೊಂಡೆ. ಅವರು ಹೋಲಿಸಿ ನೋಡಿದ್ದು ನನ್ನ ಗೆರೆಯ ಜೊತೆಗೇ ಎಂಬುದನ್ನು ಮರೆಯಲು ನೋಡಿದೆ.

ಪೇಪರು ತಿರಸ್ಕೃತವಾದ ಮೇಲೆ ಅವಳು ಒಂದು ಭಾನುವಾರ ಬಂದಳು. ಊಟದ ಹೊತ್ತಿಗಲ್ಲ, ನಾಲ್ಕು ಗಂಟೆಗೆ. ಅಮ್ಮನ ಸ್ಟೀಲ್ ಡಬ್ಬಿಗಳನ್ನೆಲ್ಲ ತೊಳೆದು, ಒರೆಸಿ, ಒಂದರೊಳಗೊಂದು ಇಟ್ಟು ತಂದಿದ್ದಳು. ಫೆಲೋಶಿಪ್ ಮುಗಿಯಿತು, ಇನ್ನೊಂದು ವರ್ಷ ಅಪ್ಪನ ಪಿಂಚಣಿಯ ಮೇಲೆ ಕೂರಲಾರೆ, ಅಂಬಾಲಾದಲ್ಲಿ ಒಂದು ಶಾಲೆಯಲ್ಲಿ ಫಿಸಿಕ್ಸ್ ಕಲಿಸುವ ಕೆಲಸ ಸಿಕ್ಕಿದೆ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಅವಳ ಕೆನ್ನೆ ಸವರಿ ಕಾಫಿ ತರಲು ಒಳಗೆ ಹೋದಳು.

"ಅಕ್ಕಾ, ಎರಡನೇ ರಿವ್ಯೂವರೂ ನಿಮ್ಮ ಹಾಗೇ ಹೇಳಿದಾರೆ," ಅಂದಳು. ದನಿಯಲ್ಲಿ ಏನೂ ಇರಲಿಲ್ಲ. "ಸ್ಟಾರ್ಟಿಂಗ್ ಪಾಯಿಂಟ್ ಸರಿಯಿಲ್ಲ ಅಂತ."

"ಯಾರೋ ಏನೋ, ನನಗೆ ಹೇಗೆ ಗೊತ್ತಾಗುತ್ತೆ?" ಅಂದೆ.

ಅವಳು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು.

"ನಿಮಗೆ ಗೊತ್ತು ಅಂತ ನಾನು ಹೇಳ್ಲಿಲ್ಲ ಅಕ್ಕಾ," ಅಂದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಹೇಳುವುದಕ್ಕೆ ಅದೊಂದು ಅವಕಾಶವಾಗಿತ್ತು. ಅವಳು ನನಗಾಗಿ ಅದನ್ನು ತೆರೆದು ಹಿಡಿದಿದ್ದಳು ಎಂದೇ ಈಗ ಅನ್ನಿಸುತ್ತದೆ. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಅವಳು ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, ಮೆಟ್ರೊ ಹಿಡಿಯಲು ಹೊರಟಳು. ಬಾಲ್ಕನಿಯಿಂದ ನೋಡಿದೆ. ಚೀಲ ಹಗುರಾಗಿತ್ತು. ರಿಜಿಸ್ಟರನ್ನು ಏನು ಮಾಡಿದಳೋ ಗೊತ್ತಿಲ್ಲ.

ಮುಂದಿನ ವರ್ಷ ನನಗೆ ಬಡ್ತಿ ಬಂತು. ಆದೇಶ ಕೈಗೆ ಬಂದು, ಅದು ಇನ್ನು ವಾಪಸು ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಆತ್ಮಸಾಕ್ಷಿ ಎಚ್ಚರವಾಯಿತು. ಎಂಥ ಹೊತ್ತು ನೋಡಿಕೊಂಡು ಎದ್ದಿತು ನೋಡಿ. ಪತ್ರಿಕೆಗೆ ತಿದ್ದುಪಡಿ ಬರೆದೆ: ಇಂಥ ಸಾಲಿನಲ್ಲಿ ಗದ್ದಲದ ಪದ ಬಿಟ್ಟುಹೋಗಿತ್ತು, ಗೆರೆ ಮೂರು ಡಿಬಿ ಮೇಲೆ ಇರಬೇಕು, ಸರಿಯಾದ ಗ್ರಾಫು ಇಲ್ಲಿದೆ. ತಪ್ಪನ್ನು ತೋರಿಸಿಕೊಟ್ಟವರ ಹೆಸರು ಬರೆದು ಕೃತಜ್ಞತೆ ಹೇಳುವುದು ಇಂಥ ತಿದ್ದುಪಡಿಗಳ ರೂಢಿ. ಕೊನೆಯಲ್ಲಿ ಅವಳ ಹೆಸರು ಬರೆದೆ. ಅಷ್ಟಾದರೂ ಅವಳಿಗೆ ಸಲ್ಲಲಿ ಎಂದುಕೊಂಡೆ.

ಪೇಪರಿನಲ್ಲಿ ಗೈಡ್ ಹೆಸರೂ ಇದ್ದುದರಿಂದ ಅವರ ಒಪ್ಪಿಗೆ ಬೇಕಿತ್ತು. ಅವರಾಗಲೇ ನಿವೃತ್ತರಾಗಿ ಗುರುಗ್ರಾಮದಲ್ಲಿ ಮಗನ ಮನೆಯಲ್ಲಿದ್ದರು. ಫೋನು ಮಾಡಿ, ತಿದ್ದುಪಡಿ ಇರಲಿ ಪರವಾಗಿಲ್ಲ, ಆದರೆ ಆ ಕೊನೆಯ ಸಾಲು ತೆಗೆ ಅಂದರು. ಅರ್ಧಕ್ಕೆ ಬಿಟ್ಟುಹೋದ ವಿದ್ಯಾರ್ಥಿನಿಯ ಹೆಸರು ಕಂಡರೆ, ಯಾಕೆ ಬಿಟ್ಟಳು ಎಂದು ಜನ ಕೇಳುತ್ತಾರೆ ಎಂಬುದು ಅವರ ವಾದ. ನಾನು ವಾದ ಮಾಡಿದೆ. ಐದು ನಿಮಿಷ ಮಾಡಿದೆ. ಆಮೇಲೆ ತೆಗೆದೆ. ಅದರ ಜಾಗದಲ್ಲಿ, ಈ ದೋಷವನ್ನು ಪ್ರಕಟಣೆಯ ನಂತರ ಲೇಖಕರು ಗಮನಿಸಿದ್ದಾರೆ ಎಂದು ಬರೆದು ಕಳಿಸಿದೆ.

ಅರ್ಧ ಪುಟದ ತಿದ್ದುಪಡಿ ಅಚ್ಚಾಯಿತು. ಇನ್ನು ಆಕಾಶ ಕಳಚಿ ಬೀಳುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಡಿಗ್ರಿ ಕಿತ್ತುಕೊಳ್ಳಲಿಲ್ಲ, ಕೆಲಸ ಹೋಗಲಿಲ್ಲ, ಒಂದು ಫೋನು ಬರಲಿಲ್ಲ. ನಮ್ಮ ಡೀನ್‌ಗೆ ನಾನೇ ಹೋಗಿ ತಿಳಿಸಿದರೆ, ಪ್ರಕಟವಾದದ್ದರ ಪಟ್ಟಿಯಲ್ಲಿ ಇದನ್ನೂ ಸೇರಿಸಬಹುದಲ್ಲ ಅಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಯಾರ ಕಣ್ಣಿಗೂ ಬೀಳದೆ ಹೋಯಿತು, ಹಾಗಾಗಿ ಲೋಕದ ಲೆಕ್ಕದಲ್ಲಿ ಅದು ಹೋಗಲೇ ಇಲ್ಲ. ಇವತ್ತಿಗೂ ಹೊಸ ಪೇಪರುಗಳಲ್ಲಿ ಅದೇ ಹಳೆಯ ಗೆರೆಯನ್ನು ಎಳೆಯುತ್ತಾರೆ, ತಿದ್ದುಪಡಿಯನ್ನು ಓದಿದವರು ಕಾಣೆ. ನಾನು ಯಾವುದಕ್ಕೆ ಹೆದರಿ ಅವಳ ನಾಲ್ಕು ವರ್ಷವನ್ನು ಬಲಿ ಕೊಟ್ಟೆನೋ ಅದು ಇರಲೇ ಇಲ್ಲ. ಆ ಮಂಗಳವಾರ, ಗೈಡ್‌ನ ಕೋಣೆಯಿಂದ ಹೊರಗೆ ಬಂದು ಅವಳ ಮೇಜಿನ ಬಳಿ ನಿಂತು, ನಿನ್ನದೇ ಸರಿ ಕಣೇ ಅಂದಿದ್ದರೆ ನನಗೆ ಆಗುತ್ತಿದ್ದ ನಷ್ಟ ಇಷ್ಟೇ, ಅಂದರೆ ಏನೂ ಇಲ್ಲ. ಇದು ನನಗೆ ಶಿ‌ಕ್ಷೆಗಿಂತ ಹೆಚ್ಚು ಚುಚ್ಚುತ್ತದೆ.

ತಿದ್ದುಪಡಿಯ ಆ ಅರ್ಧ ಪುಟವನ್ನು ಅವಳಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಜೊತೆಗೆ ಏನು ಬರೆಯಬೇಕೆಂದು ತಿಳಿಯದೆ, ಬರೆದು ಬರೆದು ಅಳಿಸಿ, ಕೊನೆಗೆ "ನೋಡು" ಎಂದಷ್ಟೇ ಬರೆದೆ. ಮೂರನೆಯ ದಿನ ಬೆಳಗ್ಗೆ, ನಾನು ನೋಯ್ಡಾಕ್ಕೆ ಹೊರಟು ಮೆಟ್ರೊದಲ್ಲಿ ನಿಂತಿದ್ದಾಗ ಉತ್ತರ ಬಂತು.

"ಓದಿದೆ ಅಕ್ಕಾ. ಲೇಖಕರು ಗಮನಿಸಿದ್ದು ಒಳ್ಳೇದಾಯ್ತು. ಪಪ್ಪಾಗೂ ಓದಿ ಹೇಳಿದೆ, ಅವರಿಗೆ ಅದರಲ್ಲಿ ಹೊಸದೇನು ಅಂತ ಅರ್ಥ ಆಗ್ಲಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ."

ಆ ನಮಸ್ಕಾರವನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ, ಆ ಮಗು ಈಗ ಯಾಕೆ ಬರುವುದಿಲ್ಲ ಎಂದು ಕೇಳುತ್ತಾಳೆ.